ಹಳೆಯ ಮರದ ತುಂಡಿನಿಂದ ಕೊಡತಿ: ಲೇತ್ ಮುಂದೆ ಮೊದಲ ಬಾರಿ ನಿಲ್ಲುವವರಿಗೆ

ಮಂಚ ಮುರಿದರೂ ಅದರ ಕಾಲು ಗಟ್ಟಿಯಾಗಿಯೇ ಇರುತ್ತದೆ. ಬಾಗಿಲು ಕಿತ್ತು ಹಾಕಿದರೂ ಚೌಕಟ್ಟಿನ ಮರಕ್ಕೆ ಏನೂ ಆಗಿರುವುದಿಲ್ಲ. ಸೌದೆ ಒಟ್ಟಿಲಿನ ತಳದಲ್ಲಂತೂ ಯಾರ ಕೊಡಲಿಗೂ ಬಗ್ಗದ ಒಂದು ತುಂಡು ವರ್ಷಗಟ್ಟಲೆ ಬಿದ್ದಿರುತ್ತದೆ. ಉಳಿಯ ತಲೆಗೆ ಬಡಿಯುವ ಮರದ ಸುತ್ತಿಗೆಗೆ, ಅಂದರೆ ಕೊಡತಿಗೆ, ಬೇಕಾದ ಮರ ಅದೇ. ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದಲೇ ಅದು ಕೊಡಲಿಗೆ ಸೀಳಲಿಲ್ಲ. ಅದೇ ಕಾರಣಕ್ಕೆ ಉಳಿಯ ತಲೆಯ ಮೇಲೆ ವರ್ಷಾನುಗಟ್ಟಲೆ ಬಡಿದರೂ ಅದು ಸೀಳುವುದಿಲ್ಲ.

ಕೊಡತಿಯಲ್ಲಿ ಮುಖ್ಯವಾಗಿ ಎರಡು ಬಗೆ. ಚೌಕದ ತಲೆಗೆ ತೂತು ಕೊರೆದು ಹಿಡಿ ತೂರಿಸಿದ್ದು ಬಡಗಿಯ ಕೊಡತಿ. ತಲೆ, ಹಿಡಿ ಎರಡನ್ನೂ ಒಂದೇ ತುಂಡಿನಿಂದ ದುಂಡಗೆ ಕಡೆದದ್ದು ಕೆತ್ತನೆಗಾರರ ಕೊಡತಿ. ಇಲ್ಲಿ ಹೇಳುತ್ತಿರುವುದು ಎರಡನೆಯದನ್ನು ಕುರಿತು. ದುಂಡು ತಲೆಗೆ ಮುಂದು ಹಿಂದು ಎಂಬುದಿಲ್ಲ. ಯಾವ ಬದಿಯಿಂದ ಬಡಿದರೂ ಪೆಟ್ಟು ಒಂದೇ, ಹಾಗಾಗಿ ಕಣ್ಣು ಉಳಿಯ ಬಾಯಿಯ ಮೇಲೆಯೇ ಇರಬಹುದು.

ಲೇತ್ ಎಂದರೆ ಮರವನ್ನು ತಿರುಗಿಸುವ ಯಂತ್ರ; ತಿರುಗುವ ಮರಕ್ಕೆ ಉಳಿ ಹಿಡಿದು ಕಡೆಯುತ್ತೇವೆ. ಅದನ್ನು ಕಲಿಯಲು ಬಂದವರು ಮೊದಲು ಮಾಡಬೇಕಾದ ವಸ್ತು ಕೊಡತಿಯೇ ಎಂದು ನಾನು ನಂಬಿದ್ದೇನೆ. ಕೊಡತಿ ಬೇರೆ ಯಾವುದಕ್ಕೂ ಕೂಡಿಕೊಳ್ಳಬೇಕಾಗಿಲ್ಲ, ಇನ್ನೊಂದರ ಜೋಡಿಯಾಗಬೇಕಾಗಿಲ್ಲ. ತಲೆ ಮೂರು ಮಿಲಿಮೀಟರ್ ಕಿರಿದಾದರೆ ಏನೂ ಕೆಡುವುದಿಲ್ಲ. ಆದರೂ ದುಂಡಗೆ ಮಾಡುವುದು, ನೇರ ಮೈ ತೆಗೆಯುವುದು, ಇಳಿಜಾರು, ಒಳಬಾಗು, ಉಬ್ಬು ಎಂಬ ಮೂಲ ಕೆಲಸಗಳೆಲ್ಲ ಇದರಲ್ಲಿ ಬರುತ್ತವೆ.

ಮರವನ್ನು ಆರಿಸುವುದು

ಅರ್ಧ ಕೆಲಸ ಇಲ್ಲಿಯೇ ಮುಗಿಯುತ್ತದೆ, ಅಥವಾ ಇಲ್ಲಿಯೇ ಕೆಡುತ್ತದೆ. ಬೇಕಾದದ್ದು ಸುಮಾರು 300 ಮಿ.ಮೀ. ಉದ್ದ, 90 ಮಿ.ಮೀ. ದಪ್ಪದ ಒಂದು ತುಂಡು. ಹುಣಸೆ, ಜಾಲಿ, ಸೀಬೆ ಇವು ಭಾರವಾದ, ಜಿಗುಟಾದ ಮರಗಳು. ಓಕ್, ಬೀಚ್, ಮೇಪಲ್ ಕೂಡ ಚೆನ್ನಾಗಿ ಬಾಳುತ್ತವೆ. ಸಾಗುವಾನಿ ಕಡೆಯಲು ಹಿತವಾಗಿದ್ದರೂ ಕೊಡತಿಯ ಮಟ್ಟಿಗೆ ಹಗುರ, ಸುಲಭವಾಗಿ ಸೀಳುತ್ತದೆ. ಪೈನ್ ಬೇಡವೇ ಬೇಡ. ಮರದ ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ. ಉಗುರಿನಿಂದ ಬಲವಾಗಿ ಒತ್ತಿ ನೋಡಿ. ಗುರುತು ಆಳವಾಗಿ ಬಿದ್ದರೆ ಮರ ಮೆದುವೆಂದೇ ಅರ್ಥ.

ತೂಕವನ್ನು ಮೊದಲೇ ಅಂದಾಜು ಮಾಡಬಹುದು. 80 ಮಿ.ಮೀ. ವ್ಯಾಸ, 120 ಮಿ.ಮೀ. ಉದ್ದದ ತಲೆಯ ಗಾತ್ರ ಸುಮಾರು 600 ಘನ ಸೆಂಟಿಮೀಟರ್. ಹಿಡಿಯದು ಇನ್ನೊಂದು 110. ಒಟ್ಟು 710. ಘನ ಸೆಂಟಿಮೀಟರಿಗೆ 0.6 ಗ್ರಾಂ ತೂಗುವ ಮರವಾದರೆ ಕೊಡತಿ ಸುಮಾರು 430 ಗ್ರಾಂ ಆಗುತ್ತದೆ, 0.9 ಗ್ರಾಂ ತೂಗುವ ಮರವಾದರೆ 640. ನಾಜೂಕಿನ ಕೆತ್ತನೆಗೆ ಮೊದಲನೆಯದು ಸಾಕು. ದಿನವಿಡೀ ಕೂಡುಗಳನ್ನು ಕೊರೆಯುವವರಿಗೆ ಎರಡನೆಯದು ಒಳ್ಳೆಯದು, ಏಕೆಂದರೆ ತೂಕವೇ ಕೆಲಸ ಮಾಡುತ್ತದೆ, ಭುಜ ದಣಿಯುವುದಿಲ್ಲ.

ತುಂಡು ಕೈಗೆ ಬಂದಮೇಲೆ ಮೂರು ಪರೀಕ್ಷೆಗಳು. ಮೊದಲು ಕಿವಿಯ ಪರೀಕ್ಷೆ: ಒಂದು ತುದಿಯನ್ನು ಸಡಿಲವಾಗಿ ಹಿಡಿದು ಇನ್ನೊಂದು ತುದಿಗೆ ಮರದ ತುಣುಕಿನಿಂದ ತಟ್ಟಿ. ಗಟ್ಟಿ ಮರ ಟಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ, ಗೆದ್ದಲು ತಿಂದಿದ್ದರೆ ದನಿ ಡಬ್ಬೆಂದು ಸತ್ತುಹೋಗುತ್ತದೆ. ಎರಡನೆಯದು ಕಣ್ಣಿನ ಪರೀಕ್ಷೆ: ಎರಡೂ ತುದಿಗಳಿಂದ ಒಂದೊಂದು ಬಿಲ್ಲೆ ಕತ್ತರಿಸಿ ತೆಗೆದು ಹೊಸ ಮುಖವನ್ನು ನೋಡಿ. ಹಳೆಯ ತುದಿಯ ಕೊಳೆಯಲ್ಲಿ ಬಿರುಕು ಅಡಗಿರುತ್ತದೆ. ಬಿಲ್ಲೆಯನ್ನು ಕೈಯಲ್ಲಿ ಬಗ್ಗಿಸಿದಾಗ ಗೆರೆಯಗುಂಟ ಮುರಿದರೆ ಇನ್ನೂ ಒಳಕ್ಕೆ ಕತ್ತರಿಸಬೇಕು. ಮರದ ನಟ್ಟನಡುವಿನ ಬೆಂಡು ತುಂಡಿನೊಳಗೆ ಬಾರದಂತೆ ನೋಡಿಕೊಳ್ಳಿ. ಒಣಗುವಾಗ ಬಿರುಕು ಹೊರಡುವುದು ಸಾಮಾನ್ಯವಾಗಿ ಅಲ್ಲಿಂದಲೇ.

ಮೂರನೆಯದು ಮೊಳೆಯ ಪರೀಕ್ಷೆ. ಹಳೆಯ ಮರದ ದೊಡ್ಡ ಅಪಾಯ ಇದು. ಬಲವಾದ ಅಯಸ್ಕಾಂತವನ್ನು ಮೈಮೇಲೆಲ್ಲ ನಿಧಾನವಾಗಿ ಆಡಿಸಿ. ಅದು ಕಬ್ಬಿಣವನ್ನಷ್ಟೇ ಹಿಡಿಯುತ್ತದೆ. ಹಿತ್ತಾಳೆಯ ಸ್ಕ್ರೂ ಅದಕ್ಕೆ ಸಿಗುವುದಿಲ್ಲ. ಓಕ್, ಜಾಲಿಯಂಥ ಒಗರು ಹೆಚ್ಚಿರುವ ಮರಗಳಲ್ಲಿ ಕಬ್ಬಿಣವಿದ್ದ ಜಾಗದ ಸುತ್ತ ನೀಲಿಗಪ್ಪು ಕಲೆ ಹರಡಿರುತ್ತದೆ. ಕಲೆ ಕಂಡರೆ ಮೊಳೆ ಇಲ್ಲವೆಂದು ಖಾತ್ರಿಯಾಗುವವರೆಗೆ ಲೇತ್‌ಗೆ ಏರಿಸಬೇಡಿ. ನಾನು ಕಡೆದ ಮೊದಲ ಮಂಚದ ಕಾಲಿನಲ್ಲಿ ತಲೆ ಮುರಿದ ಮೊಳೆಯೊಂದು ಎರಡು ಸೆಂಟಿಮೀಟರ್ ಒಳಗೆ ಕೂತಿತ್ತು. ಉಳಿಯ ಬಾಯಿ ಅರ್ಧಚಂದ್ರದಂತೆ ಹಾರಿಹೋಯಿತು. ಮುಖಕ್ಕೆ ಕವಚ ಹಾಕಿಕೊಂಡಿದ್ದೆ, ಅದರಿಂದ ಉಳಿದುಕೊಂಡೆ.

ಕೆಲವು ಹಳೆಯ ಮರಗಳನ್ನು ಮುಟ್ಟಲೇಬಾರದು. ರೈಲು ಹಳಿಯ ಕೆಳಗಿನ ದಿಮ್ಮಿಗಳು ಕ್ರಿಯೋಸೋಟ್ ಎಣ್ಣೆ ಕುಡಿದಿರುತ್ತವೆ. ಹಸಿರು ಛಾಯೆಯ ಹಳೆಯ ಬೇಲಿ ಕಂಬಗಳಲ್ಲಿ ತಾಮ್ರ, ಕ್ರೋಮಿಯಂಗಳ ಜೊತೆ ಆರ್ಸೆನಿಕ್ ಇರಬಹುದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಲೇತ್ ಇವೆಲ್ಲವನ್ನೂ ಹುಡಿ ಮಾಡಿ ನಿಮ್ಮ ಮೂಗಿನ ಮುಂದೆಯೇ ಹಾರಿಸುತ್ತದೆ. ಸರಕು ಸಾಗಿಸುವ ಮರದ ಪ್ಯಾಲೆಟ್‌ಗಳ ಮೇಲೆ ಮುದ್ರೆ ಇರುತ್ತದೆ. ‘ಎಚ್‌ಟಿ’ (HT) ಎಂದಿದ್ದರೆ ಮರದ ಒಳಗಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಕನಿಷ್ಠ 30 ನಿಮಿಷ ಕೊಟ್ಟಿದ್ದಾರೆಂದು ಅರ್ಥ, ಅದನ್ನು ಬಳಸಬಹುದು. ‘ಎಂಬಿ’ (MB) ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ, ಅದನ್ನು ಬಿಟ್ಟುಬಿಡಿ.

ಮುರಿದ ಪೀಠೋಪಕರಣದ ಮರ ಒಣಗಿಯೇ ಇರುತ್ತದೆ. ಬಿದ್ದ ಕೊಂಬೆ, ಹೊಸ ಸೌದೆಯಾದರೆ ಕಾಯಬೇಕು. ತುದಿಗಳಿಗೆ ಕರಗಿಸಿದ ಮೇಣ ಬಳಿದು ನೆರಳಲ್ಲಿ ಇಡಿ. 25 ಮಿ.ಮೀ. ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ. ಲೆಕ್ಕಕ್ಕಿಂತ ತಕ್ಕಡಿಯನ್ನು ನಂಬುವುದು ಮೇಲು: ತಿಂಗಳಿಗೊಮ್ಮೆ ತೂಗಿ ಬರೆದಿಡಿ, ತೂಕ ಇಳಿಯುವುದು ನಿಂತಾಗ ಮರ ಸಿದ್ಧವಾಗಿದೆ.

ಯಾವ ತುದಿ ತಲೆ, ಯಾವ ತುದಿ ಹಿಡಿ?

ಇದನ್ನು ಕಡೆಯುವ ಮೊದಲೇ ತೀರ್ಮಾನಿಸಬೇಕು. ಎಳೆ ನೇರವಾಗಿರುವ, ಗಂಟಿಲ್ಲದ ತುದಿ ಹಿಡಿಗೆ. ಎಳೆ ಓರೆಯಾಗಿ ಹಾದು ಬದಿಯಿಂದ ಹೊರಬಿದ್ದರೆ ಆ ಓರೆಯಲ್ಲೇ ಹಿಡಿ ಒಂದು ದಿನ ಮುರಿಯುತ್ತದೆ. ಗಂಟುಗಳು ತಲೆಯ ಕಡೆ ಬರಲಿ. ಬಿಗಿಯಾದ ಗಂಟು ಅಲ್ಲಿ ದೋಷವಲ್ಲ, ಬಲ. ಸೀಸದ ಕಡ್ಡಿಯಿಂದ ತುದಿಗಳ ಮೇಲೆಯೇ ‘ತಲೆ’, ‘ಹಿಡಿ’ ಎಂದು ಬರೆದುಬಿಡಿ.

ತುಂಡನ್ನು ಲೇತ್‌ಗೆ ಅಣಿಮಾಡುವುದು

ಎರಡೂ ತುದಿಗಳಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ. ಅವು ಸೇರುವ ಬಿಂದುವೇ ನಡು. ಮೊನೆಯಿಂದ ಚುಚ್ಚಿ ಸಣ್ಣ ಗುಳಿ ಮಾಡಿ. ಅದನ್ನೇ ನಡುವಾಗಿಸಿ 90 ಮಿ.ಮೀ. ವ್ಯಾಸದ ವೃತ್ತ ಬರೆದು, ವೃತ್ತದ ಆಚೆಗಿರುವ ನಾಲ್ಕು ಮೂಲೆಗಳನ್ನು ಗರಗಸದಿಂದಲೋ ಬಾಚಿಯಿಂದಲೋ ತೆಗೆದು ಎಂಟು ಮೂಲೆ ಮಾಡಿಕೊಳ್ಳಿ. ಈ ಕೆಲಸ ಬೇಡವೆನ್ನಿಸಬಹುದು, ಆದರೆ ಬಿಡಬೇಡಿ. 90 ಮಿ.ಮೀ. ಚೌಕದ ಮೂಲೆಯಿಂದ ಮೂಲೆಗೆ 127 ಮಿ.ಮೀ. ಇರುತ್ತದೆ. ಹೊಸಬರ ಉಳಿಗೆ ಆ ಮೂಲೆಗಳ ಹೊಡೆತ ಬಹಳ ಜೋರು.

ತಲೆಯ ತುದಿಯಲ್ಲಿ ಗೆರೆಗಳಗುಂಟ ಗರಗಸದಿಂದ ಮೂರು ಮಿ.ಮೀ. ಆಳ ಕೊಯ್ಯಿರಿ. ಮೋಟಾರಿನ ಕಡೆಯಿಂದ ಮರವನ್ನು ತಿರುಗಿಸುವ ನಾಲ್ಕು ಹಲ್ಲಿನ ಮೊನೆಯನ್ನು ಲೇತ್‌ನಿಂದ ಹೊರತೆಗೆದು, ಮೇಜಿನ ಮೇಲೆ ನಿಲ್ಲಿಸಿದ ಮರಕ್ಕೆ ಇಟ್ಟು, ಮರದ ತುಂಡಿನಿಂದ ಬಡಿದು ಕೂರಿಸಿ. ಲೇತ್ ಮೇಲೆ ಇಟ್ಟು ಬಡಿದರೆ ಪೆಟ್ಟು ಬೇರಿಂಗ್‌ಗಳಿಗೆ ಬೀಳುತ್ತದೆ. ಆಮೇಲೆ ಮೊನೆಸಹಿತ ಮರವನ್ನು ಲೇತ್‌ಗೆ ಏರಿಸಿ, ಮರದ ಇನ್ನೊಂದು ತುದಿಯನ್ನು ಬಲಗಡೆಯಿಂದ ಒತ್ತಿ ಹಿಡಿಯುವ ಟೇಲ್‌ಸ್ಟಾಕ್ ತಂದು, ಅದರ ತಿರುಗುವ ಮೊನೆಯನ್ನು ಹಿಡಿಯ ತುದಿಯ ಗುಳಿಗೆ ಒತ್ತಿ ಬಿಗಿಮಾಡಿ. ಭಾರವಾದ ತಲೆ ಮೋಟಾರಿನ ಪಕ್ಕ ಇದ್ದರೆ ತೆಳು ಹಿಡಿ ಅದುರುವುದು ಕಡಿಮೆ.

ಉಳಿ ಆನಿಸುವ ಟೂಲ್ ರೆಸ್ಟ್ ಮರದ ಮೂಲೆಗಳಿಂದ ಐದಾರು ಮಿ.ಮೀ. ದೂರದಲ್ಲಿ, ಹೆಚ್ಚುಕಡಿಮೆ ಮರದ ನಡುವಿನ ಎತ್ತರದಲ್ಲಿರಲಿ. ಸ್ವಿಚ್ ಒತ್ತುವ ಮೊದಲು ಮರವನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ. ಎಲ್ಲಿಯೂ ತಾಗಬಾರದು. ಪ್ರತಿ ಸಲ ರೆಸ್ಟ್ ಸರಿಸಿದಾಗಲೂ ಈ ಕೈಸುತ್ತು ಮಾಡಲೇಬೇಕು, ಮತ್ತು ರೆಸ್ಟ್ ಸರಿಸುವುದು ಲೇತ್ ನಿಂತಿರುವಾಗ ಮಾತ್ರ.

ಮೈಮೇಲೆ ಜೋಲಾಡುವ ಬಟ್ಟೆ, ಸರ, ಬಳೆ, ಉಂಗುರ, ಬಿಚ್ಚುಗೂದಲು ಇರಬಾರದು. ಕೈಗವಸನ್ನೂ ಹಾಕಬಾರದು, ಅದರ ನೂಲು ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಕನ್ನಡಕ ಸಾಲದು, ಇಡೀ ಮುಖ ಮುಚ್ಚುವ ಕವಚ ಬೇಕು. ಹುಡಿಗೆ ಮುಖಗವಸೂ ಬೇಕು. ಬೀಟೆಯಂಥ ಮರಗಳ ಹುಡಿಯಿಂದ ಕೆಲವರಿಗೆ ಚರ್ಮದಲ್ಲಿ ತುರಿಕೆ ಏಳುತ್ತದೆ. ಲೇತ್ ಶುರುಮಾಡುವಾಗ ಮರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಂತುಕೊಳ್ಳಿ.

ಮೂರು ಉಳಿ ಸಾಕು

ಅಗಲವಾದ ದೋಣಿಯಾಕಾರದ ರಫಿಂಗ್ ಗೌಜ್, ಕಿರಿದಾದ ಸ್ಪಿಂಡಲ್ ಗೌಜ್, ತೆಳುವಾದ ಪಾರ್ಟಿಂಗ್ ಉಳಿ. ಓರೆಬಾಯಿಯ ಸ್ಕ್ಯೂ ಉಳಿ ಅತ್ಯಂತ ನುಣುಪಾದ ಮೈ ಕೊಡುತ್ತದೆ, ನಿಜ. ಆದರೆ ಅದು ಕೈಗೆ ಒಗ್ಗಲು ತಿಂಗಳುಗಳು ಬೇಕು. ಮೊದಲ ಕೊಡತಿಗೆ ಅದನ್ನು ಪಕ್ಕಕ್ಕಿಡಿ. ರಫಿಂಗ್ ಗೌಜ್ ಎರಡು ಮೊನೆಗಳ ನಡುವೆ ಉದ್ದಕ್ಕೆ ಹಿಡಿದ ಮರಕ್ಕೆ ಮಾತ್ರ. ಬಟ್ಟಲು ಕಡೆಯಲು ಅದನ್ನು ಬಳಸಿದರೆ ಹಿಡಿಯೊಳಗಿನ ತೆಳುವಾದ ಬಾಲ ಮುರಿದು ಉಳಿಯೇ ಹಾರಬಹುದು.

ರಫಿಂಗ್ ಗೌಜ್‌ನ ಓರೆಮೈ, ಅಂದರೆ ಬಾಯಿಯ ಹಿಂದೆ ಇಳಿಜಾರಾಗಿ ಮಸೆದ ಮೈ, 45 ಡಿಗ್ರಿ ಇರಲಿ. ಮಸೆಯುವಾಗ ಒಂದು ಉಪಾಯ: ಓರೆಮೈಗೆ ಮಾರ್ಕರ್ ಪೆನ್ನಿನ ಮಸಿ ಹಚ್ಚಿ, ಸಾಣೆಕಲ್ಲಿಗೆ ಒಮ್ಮೆ ಲಘುವಾಗಿ ತಾಗಿಸಿ. ಬಾಯಿಯಿಂದ ಓರೆಮೈಯ ಹಿಂತುದಿಯಾದ ಹಿಮ್ಮಡಿಯವರೆಗೆ ಮಸಿ ಒಂದೇ ಸಮನೆ ಹೋಗಿದ್ದರೆ ಕೋನ ಸರಿ. ಹಿಂದೆ ಮಾತ್ರ ಹೋಗಿದ್ದರೆ ಬಾಯಿ ಇನ್ನೂ ಕಲ್ಲಿಗೆ ತಾಗಿಯೇ ಇಲ್ಲ. ಮೊಂಡು ಉಳಿಯನ್ನು ಜೋರಾಗಿ ಒತ್ತಬೇಕಾಗುತ್ತದೆ, ಹಾಗೆ ಒತ್ತಿದ ಉಳಿಯೇ ಜಾರಿ ಕಚ್ಚಿಕೊಳ್ಳುವುದು. ಗಟ್ಟಿ ಮರದಲ್ಲಿ ಒಂದು ಕೊಡತಿ ಮುಗಿಸುವಷ್ಟರಲ್ಲಿ ನಾಲ್ಕೈದು ಸಲವಾದರೂ ಮಸೆಯಬೇಕು.

ದುಂಡಗೆ ಮಾಡುವುದು

ವೇಗ ನಿಮಿಷಕ್ಕೆ 500–600 ಸುತ್ತು. ಲೇತ್ ಅದುರಿದರೆ ಇನ್ನೂ ಇಳಿಸಿ. ಉಳಿ ಹಿಡಿಯುವ ಕ್ರಮ ಮೂರು ಮಾತಿನದು: ಆನಿಸು, ತಾಗಿಸು, ಕತ್ತರಿಸು. ಮೊದಲು ಉಳಿಯನ್ನು ರೆಸ್ಟ್ ಮೇಲೆ ಆನಿಸಬೇಕು. ನಂತರ ಉಳಿಯ ಹಿಡಿಯನ್ನು ತಗ್ಗಿಸಿ ಓರೆಮೈಯ ಹಿಮ್ಮಡಿಯನ್ನು ತಿರುಗುವ ಮರಕ್ಕೆ ತಾಗಿಸಬೇಕು. ಆಗ ಅದು ಉಜ್ಜುತ್ತದೆ, ಕತ್ತರಿಸುವುದಿಲ್ಲ. ಬಳಿಕ ಹಿಡಿಯನ್ನು ಮೆಲ್ಲಗೆ ಮೇಲೆತ್ತಿದರೆ ಬಾಯಿ ಮರಕ್ಕೆ ಇಳಿದು ಸುರುಳಿ ಹೊರಡುತ್ತದೆ. ಈ ಕ್ರಮ ತಪ್ಪಿ ಮೊದಲೇ ಬಾಯಿ ಮರಕ್ಕೆ ಸಿಕ್ಕರೆ ಉಳಿ ಕೈಯಿಂದ ಕಿತ್ತುಕೊಳ್ಳುವಂತೆ ಎಳೆಯುತ್ತದೆ. ಮೊದಲ ಹತ್ತು ನಿಮಿಷ ಇದನ್ನೇ ಅಭ್ಯಾಸ ಮಾಡಿ, ಆಕಾರದ ಯೋಚನೆಯೇ ಬೇಡ.

ಬಲತುದಿಯಿಂದ 50 ಮಿ.ಮೀ. ಒಳಗೆ ಶುರುಮಾಡಿ ಹೊರಕ್ಕೆ, ತುದಿಯಾಚೆಗೆ ಉಳಿಯನ್ನು ಸಾಗಿಸಿ. ಆಮೇಲೆ 100 ಮಿ.ಮೀ. ಒಳಗಿನಿಂದ. ಹೀಗೆ ಹಿಂದೆ ಸರಿಯುತ್ತ ಹೋಗಿ, ಎಡತುದಿಯ ಕೊನೆಯ ಭಾಗವನ್ನು ಎಡಕ್ಕೆ ಹೊರಸಾಗಿಸಿ ಮುಗಿಸಬೇಕು. ತುದಿಯಿಂದ ಒಳಕ್ಕೆ ಎಂದೂ ಬರಬಾರದು, ಉದ್ದ ಸಿಬಿರು ಎದ್ದು ಕೈಗೆ ಬಡಿಯುತ್ತದೆ. ನಡುವೆ ಎರಡು ಸಲ ಲೇತ್ ನಿಲ್ಲಿಸಿ ಟೇಲ್‌ಸ್ಟಾಕ್ ಮತ್ತೆ ಬಿಗಿಮಾಡಿ; ಅದುರುವಾಗ ಮೊನೆ ಮರದೊಳಕ್ಕೆ ಇಳಿದು ಸಡಿಲವಾಗಿರುತ್ತದೆ.

ಟಕಟಕ ಸದ್ದು ಹೋಗಿ ಒಂದೇ ಸಮನಾದ ಸೊಯ್ ಎಂಬ ದನಿ ಬಂದಾಗ ಮರ ದುಂಡಾಗಿದೆ. ಕಣ್ಣಿಗಿಂತ ಮೊದಲು ಕಿವಿಗೆ ಇದು ತಿಳಿಯುತ್ತದೆ. ಲೇತ್ ನಿಲ್ಲಿಸಿ ಚಪ್ಪಟೆ ಜಾಗ ಉಳಿದಿದೆಯೇ ಎಂದು ನೋಡಿ. ಈಗ ವೇಗವನ್ನು 1000–1200ಕ್ಕೆ ಏರಿಸಬಹುದು.

ತಲೆ

ಬಲದಿಂದ ಎಡಕ್ಕೆ ಸೀಸದ ಕಡ್ಡಿಯಿಂದ ಗುರುತು ಹಾಕಿ: 20 ಮಿ.ಮೀ. ಬಿಡುವು, 140 ಹಿಡಿ, 120 ತಲೆ, ಉಳಿದ 20 ಬಿಡುವು. ಬಿಡುವುಗಳು ಕೊನೆಯಲ್ಲಿ ಕತ್ತರಿಸಿ ಹೋಗುವಂಥವು.

ತಲೆಯನ್ನು ನೇರ ಕೊಳವೆಯಂತೆ ಬಿಡಬೇಡಿ. ಮೇಲ್ತುದಿಯಲ್ಲಿ 82 ಮಿ.ಮೀ., ಹಿಡಿಯ ಕಡೆ 72 ಮಿ.ಮೀ. ಆಗುವಂತೆ ಇಳಿಜಾರು ಕೊಡಿ. ಕೊಡತಿ ಬೀಸುವಾಗ ಮಣಿಕಟ್ಟು, ಮೊಣಕೈ ಒಂದು ಬಾಗಿನಲ್ಲಿ ತಿರುಗುತ್ತವೆ. ಉಳಿಗೆ ತಾಗುವ ಹೊತ್ತಿಗೆ ಹಿಡಿ ಸ್ವಲ್ಪ ವಾಲಿರುತ್ತದೆ. ಆ ವಾಲಿಗೆ ಸರಿಯಾಗಿ ತಲೆ ಇಳಿಜಾರಾಗಿದ್ದರೆ ಪೆಟ್ಟು ಉಳಿಯ ತಲೆಗೆ ನೆಟ್ಟಗೆ ಬೀಳುತ್ತದೆ, ಜಾರುವುದಿಲ್ಲ. ಉಳಿ ಯಾವಾಗಲೂ ದಪ್ಪದಿಂದ ತೆಳುವಿನ ಕಡೆಗೆ, ಇಳಿಜಾರಿನಲ್ಲಿ ಇಳಿದಂತೆ ಸಾಗಬೇಕು. ಎದುರು ಸಾಗಿದರೆ ಎಳೆಗಳು ಕಿತ್ತು ಮೈ ಒರಟಾಗುತ್ತದೆ. ಮೇಲ್ತುದಿಯ ಅಂಚನ್ನು ಮೂರು ಮಿ.ಮೀ. ದುಂಡಗೆ ಮಾಡಿ. ಚೂಪಾಗಿ ಬಿಟ್ಟ ಅಂಚು ಬೇಗನೆ ಚಕ್ಕೆಯೇಳುತ್ತದೆ. ಅಲಂಕಾರದ ಗೆರೆಗಳು ಬೇಕಿದ್ದರೆ ಹಿಡಿಯ ತುದಿಯಲ್ಲಿರಲಿ. ಪೆಟ್ಟು ಬೀಳುವ ಮೈಮೇಲೆ ಗೆರೆ ತೆಗೆದರೆ ಅಲ್ಲಿಂದಲೇ ಮರ ಸುಲಿಯುತ್ತದೆ.

ಹಿಡಿ

ಪಾರ್ಟಿಂಗ್ ಉಳಿಯಿಂದ ಹಿಡಿಯ ಉದ್ದಕ್ಕೆ ಮೂರು ಕಡೆ 36 ಮಿ.ಮೀ. ವ್ಯಾಸದವರೆಗೆ ಕಾಲುವೆ ತೆಗೆಯಿರಿ. ಅಳತೆಗೆ ಕ್ಯಾಲಿಪರ್ ಹಿಡಿಯುವಾಗ ಲೇತ್ ನಿಂತಿರಲಿ. ಕಾಲುವೆಯನ್ನು ಉಳಿಗಿಂತ ಸ್ವಲ್ಪ ಅಗಲವಾಗಿ ತೆಗೆದರೆ ಉಳಿ ಸಿಕ್ಕಿಕೊಂಡು ಕಾಯುವುದಿಲ್ಲ. ಆಮೇಲೆ ನಡುವಿನ ದಿಬ್ಬಗಳನ್ನು ರಫಿಂಗ್ ಗೌಜ್‌ನಿಂದ ತೆಗೆದು ಸಮಮಾಡಿ.

ತಲೆ ಹಿಡಿಯನ್ನು ಸೇರುವ ಜಾಗಕ್ಕೆ ಸಮಯ ಕೊಡಿ. ನನ್ನ ಮೊದಲ ಕೊಡತಿಯಲ್ಲಿ ಅಲ್ಲಿ ಅಂದಕ್ಕಾಗಿ ಚೂಪಾದ ಗೆರೆಯೊಂದನ್ನು ತೆಗೆದಿದ್ದೆ. ಮೂರನೆಯ ವಾರ ಕೆಲಸದ ನಡುವೆ ತಲೆ ಸರಿಯಾಗಿ ಆ ಗೆರೆಯಲ್ಲಿಯೇ ತುಂಡಾಗಿ ಹೋಯಿತು. ಪ್ರತಿ ಪೆಟ್ಟಿನ ಒತ್ತಡವೂ ಅಂಥ ಚೂಪು ಮೂಲೆಯಲ್ಲಿಯೇ ಬಂದು ಕೂಡುತ್ತದೆ. ಸ್ಪಿಂಡಲ್ ಗೌಜ್‌ನಿಂದ ಅಲ್ಲಿ ಕನಿಷ್ಠ 10 ಮಿ.ಮೀ. ತ್ರಿಜ್ಯದ ಒಳಬಾಗು ತೆಗೆದು, ತಲೆ ಕರಗಿ ಹಿಡಿಯಾದಂತೆ ಕಾಣುವ ಹಾಗೆ ಮಾಡಿ. ಒಳಬಾಗನ್ನು ಎರಡೂ ಬದಿಯಿಂದ ಕೆಳಗಿಳಿದು ತಳದಲ್ಲಿ ಸೇರಿಸಬೇಕು. ಒಂದೇ ಬೀಸಿಗೆ ಈ ದಡದಿಂದ ಆ ದಡಕ್ಕೆ ಹೋದರೆ ಏರುವ ಬದಿಯಲ್ಲಿ ಉಳಿ ಕಚ್ಚುತ್ತದೆ.

ಹಿಡಿಯ ನಡು 33–34 ಮಿ.ಮೀ. ಉಬ್ಬಿರಲಿ, ತಲೆಯ ಬಳಿ 28–30ಕ್ಕೆ ಇಳಿಯಲಿ, ತುದಿಯಲ್ಲಿ ಕೈ ಜಾರದಂತೆ ಒಂದು ಗುಬುಟು ಇರಲಿ. ಇವು ಹೊರಡುವ ಅಳತೆಗಳಷ್ಟೇ. ಲೇತ್ ನಿಲ್ಲಿಸಿ, ರೆಸ್ಟ್ ಸರಿಸಿ, ಕಣ್ಣು ಮುಚ್ಚಿ ಹಿಡಿದು ನೋಡಿ. ಬೆರಳ ತುದಿಗಳು ಹೆಬ್ಬೆರಳ ಬುಡವನ್ನು ಇನ್ನೇನು ಮುಟ್ಟುತ್ತವೆ ಎನ್ನುವಷ್ಟಿದ್ದರೆ ಸರಿ. ತೀರಾ ತೆಳುವಾದ ಹಿಡಿಯನ್ನು ಬಿಗಿಯಾಗಿ ಹಿಡಿಯಬೇಕಾಗಿ ಕೈ ಬೇಗ ಸೋಲುತ್ತದೆ. ಒಂದು ಮಿಲಿಮೀಟರ್ ತೆಗೆದು ಮತ್ತೆ ಹಿಡಿಯಿರಿ. ಈ ಹತ್ತು ನಿಮಿಷದ ತಾಳ್ಮೆಗೆ ಕೈ ಮುಂದೆ ವರ್ಷಗಟ್ಟಲೆ ಋಣಿಯಾಗಿರುತ್ತದೆ.

ಉಜ್ಜುವುದು, ಬೇರ್ಪಡಿಸುವುದು, ಎಣ್ಣೆ

ಟೂಲ್ ರೆಸ್ಟನ್ನು ಪೂರ್ತಿ ತೆಗೆದುಬಿಡಿ. ವೇಗ ಇಳಿಸಿ 100, 150, 220ನೇ ನಂಬರಿನ ಸ್ಯಾಂಡ್ ಪೇಪರನ್ನು ಒಂದಾದ ಮೇಲೊಂದು ಬಳಸಿ. ಪೇಪರನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ, ಸಿಕ್ಕಿದರೆ ಕೈಬಿಡುವಂತೆ ತುದಿಯಲ್ಲಿ ಹಿಡಿಯಿರಿ. ಪ್ರತಿ ನಂಬರಿನ ಕೊನೆಗೆ ಲೇತ್ ನಿಲ್ಲಿಸಿ, ಎಳೆಯ ಉದ್ದಕ್ಕೆ ಕೈಯಿಂದ ನಾಲ್ಕು ಸಲ ಉಜ್ಜಿದರೆ ಸುತ್ತುಗೆರೆಗಳು ಮಾಯವಾಗುತ್ತವೆ. 220ರ ಆಚೆಗೆ ಹೋಗುವುದು ಬೇಡ. ಹಿಡಿ ಕನ್ನಡಿಯಂತಾದರೆ ಬೆವರಿದ ಕೈಯಲ್ಲಿ ಜಾರುತ್ತದೆ.

ಎರಡೂ ಬಿಡುವುಗಳನ್ನು ಪಾರ್ಟಿಂಗ್ ಉಳಿಯಿಂದ ಸುಮಾರು 15 ಮಿ.ಮೀ. ವ್ಯಾಸಕ್ಕೆ ಇಳಿಸಿ, ಅಲ್ಲಿಗೆ ನಿಲ್ಲಿಸಿ. ಮೊದಲ ಸಲ ತಿರುಗುತ್ತಿರುವಾಗಲೇ ತುಂಡರಿಸುವ ಸಾಹಸ ಬೇಡ. ಲೇತ್‌ನಿಂದ ಇಳಿಸಿ ಗರಗಸದಿಂದ ಕೊಯ್ದು, ತುದಿಗಳನ್ನು ಉಳಿ, ಅರಗಳಿಂದ ಸಮಮಾಡಿ.

ವಾರ್ನಿಷ್ ಬಳಿಯಬೇಡಿ, ತಲೆಯಲ್ಲಿ ಅದು ಪೆಟ್ಟಿಗೆ ಚಕ್ಕೆಯೇಳುತ್ತದೆ, ಹಿಡಿಯಲ್ಲಿ ಅಂಗೈಗೆ ಬೊಬ್ಬೆ ತರುತ್ತದೆ. ಅಗಸೆ ಎಣ್ಣೆ ಧಾರಾಳವಾಗಿ ಹಚ್ಚಿ ಅರ್ಧ ಗಂಟೆ ಬಿಟ್ಟು ಒರೆಸಿ. ಮರುದಿನ ಇನ್ನೊಮ್ಮೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಕೂಡಿಕೊಂಡು ತಾನಾಗಿ ಬೆಂಕಿ ಹತ್ತಬಹುದು. ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ದಪ್ಪ ತುಂಡು ಸಿಗದಿದ್ದರೆ

ಹಲಗೆಗಳನ್ನು ಅಂಟಿಸಿಯೂ ಮಾಡಬಹುದು. ಬಾಗಿಲ ಚೌಕಟ್ಟಿನ 30 ಮಿ.ಮೀ. ದಪ್ಪದ ಮೂರು ಪಟ್ಟಿಗಳು ಸಾಕು. ಮೂರರ ಎಳೆಯೂ ಒಂದೇ ದಿಕ್ಕಿಗೆ, ಉದ್ದಕ್ಕೆ ಇರಬೇಕು. ಹಳೆಯ ಮೈಗೆ ಅಂಟು ಕೂರುವುದಿಲ್ಲ, ಆದ್ದರಿಂದ ಹೊಸ ಮರ ಕಾಣುವವರೆಗೆ ಹತ್ತರಿ ಹೊಡೆದು, ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ. ಸಂದಿನಲ್ಲಿ ಬೆಳಕು ತೂರಿದರೆ ಇನ್ನೂ ಹೆರೆಯಬೇಕು. ಬಿಳಿ ಮರದಂಟು ಎರಡೂ ಮೈಗೆ ಹಚ್ಚಿ, ಕ್ಲ್ಯಾಂಪ್‌ಗಳಿಂದ ಬಿಗಿದು, 24 ಗಂಟೆ ಮುಟ್ಟದೆ ಬಿಡಿ. ಅಂಟು ಪೂರ್ತಿ ಆರದ ತುಂಡು ಲೇತ್ ಮೇಲೆ ಬಿಚ್ಚಿಕೊಂಡು ಹಾರುತ್ತದೆ. ಇದರಲ್ಲಿ ಅವಸರಕ್ಕೆ ಎಡೆಯೇ ಇಲ್ಲ.

ಬಳಸಲು ಶುರುಮಾಡಿದ ಮೇಲೆ

ಮೊದಲ ವಾರ ತಲೆಯ ಮೇಲೆ ಸಣ್ಣ ಗುಳಿಗಳು ಬೀಳುತ್ತವೆ. ಗಾಬರಿ ಬೇಡ. ಎಳೆಗಳು ಒತ್ತಿಕೊಂಡು ಗಟ್ಟಿಯಾದಂತೆ ಅವು ಕಡಿಮೆಯಾಗುತ್ತವೆ. ಒಂದೇ ಜಾಗದಲ್ಲಿ ಬಡಿಯದೆ ಆಗಾಗ ಹಿಡಿಯನ್ನು ಅಂಗೈಯಲ್ಲಿ ಸ್ವಲ್ಪ ತಿರುಗಿಸಿಕೊಳ್ಳಿ. ಬಿಸಿಲಿನಲ್ಲಿ, ಒಲೆಯ ಹತ್ತಿರ ಇಡಬೇಡಿ. ಕಬ್ಬಿಣದ ಬಳೆಯಿರುವ ಉಳಿಗೂ ಬಳಸಬಹುದು, ತಲೆ ಮಾತ್ರ ಬೇಗ ಸವೆಯುತ್ತದೆ.

ಕೆಲವು ವರ್ಷಗಳಲ್ಲಿ ತಲೆಯ ನಡು ಸೊರಗುತ್ತದೆ. ಆಗ ಕೊಡತಿಯನ್ನು ಮತ್ತೆ ಲೇತ್‌ಗೆ ಏರಿಸಿ ಎರಡು ಮಿ.ಮೀ. ಹೆರೆದರೆ ಹೊಸ ಮೈ ಬರುತ್ತದೆ. ಅದಕ್ಕಾಗಿಯೇ, ಬಿಡುವುಗಳನ್ನು ಕೊಯ್ದು ತುದಿಗಳನ್ನು ಸಮಮಾಡಿದ ದಿನವೇ ಎರಡೂ ತುದಿಗಳ ನಟ್ಟನಡುವೆ ಮೊನೆಯಿಂದ ಒಂದೊಂದು ಸಣ್ಣ ಗುಳಿ ಚುಚ್ಚಿಟ್ಟಿರಿ.